ಬದನೆಬಣ್ಣದ ಹದಿನಾಲ್ಕು ಬೆಂಡು

ಎಸೆದ ವಸ್ತುವಿನಲ್ಲಿ ಉಳಿದಿರುವ ಆಯುಷ್ಯವನ್ನು ಕಂಡವನು. ಮೀನಿನ ತೂಕದಲ್ಲಾಗಲಿ ಮಾತಿನ ತೂಕದಲ್ಲಾಗಲಿ ಹುಸಿಯನ್ನು ಬೆರೆಸದವನು. ಬಲೆಗೆ ಬಿದ್ದ ಎಳೆಮರಿಯನ್ನು ಎರಡು ಕೈಗಳಿಂದ ನೀರಿಗೆ ಮರಳಿಸುವವನು. ಪರರ ಬಲೆ ನೀರಿನಲ್ಲಿರುವಾಗ ಅದರ ನೆರಳನ್ನೂ ದಾಟದವನು. ತಾನು ಕಂಡುಕೊಂಡ ಉಪಾಯವನ್ನು ಕೇಳಿದವರಿಗೆಲ್ಲ ಕಲಿಸಿ, ಕಲಿಸಿದೆನೆಂಬುದನ್ನೇ ಮರೆಯುವವನು. ಒರಟು ಅಂಚುಳ್ಳ ಯಾವುದನ್ನೂ ತನ್ನ ಕೈದಾಟಿ ಹೋಗಗೊಡದವನು. ಹೆಂಡತಿಯ ಮಾತಿಗೆ ಎದುರಾಡದವನು, ಮಗಳ ಮಾತಿಗೆ ನಗದೆ ಇರಲಾರದವನು. ಇಂತಪ್ಪ ಗೃಹಸ್ಥನೊಬ್ಬನು ಬಸವಕಲ್ಯಾಣ ತಾಲೂಕಿನ ಚುಳಕಿ ನಾಲಾ ಜಲಾಶಯದ ದಂಡೆಯ ಊರೊಂದರಲ್ಲಿ ಬಾಳುತ್ತಿದ್ದಾನೆ. ಹೆಸರು ಲಾಲಪ್ಪ. ಮೇಲೆ ಹೇಳಿದ ಗುಣಗಳಲ್ಲಿ ಕೆಲವು ಒಂದುಗೂಡಿ ಅವನ ಎದೆಯನ್ನೇ ಒಡೆದವು. ಒಳ್ಳೆಯತನವೂ ಮನುಷ್ಯನಿಗೆ ಇಂಥ ಪೆಟ್ಟನ್ನು ಕೊಡುವುದುಂಟೆ ಎಂದು ಕೇಳಿದರೆ, ಉತ್ತರವಾಗಿ ಅವನ ಕಥೆಯನ್ನು ಹೇಳುವುದಲ್ಲದೆ ಬೇರೆ ದಾರಿ ಕಾಣದು.

ಲಾಲಪ್ಪನಿಗೆ ದೋಣಿಯಿಲ್ಲ. ಲಾರಿಯ ಗಾಲಿಯಿಂದ ತೆಗೆದ ಹಳೆಯ ಟ್ಯೂಬಿಗೆ ಗಾಳಿ ತುಂಬಿ, ಅದರ ಒಡಲಿಗೆ ಹರಿದ ಮಂಚದ ನವಾರವನ್ನು ಅಡ್ಡಡ್ಡ ಹೆಣೆದು, ಅದರ ಮೇಲೆ ಚಕ್ಕಳಮಕ್ಕಳ ಕುಳಿತು, ಎರಡು ಕೈಗಳಲ್ಲಿ ಎರಡು ಹಲಗೆಯ ತುಂಡು ಹಿಡಿದು ನೀರನ್ನು ತಳ್ಳುತ್ತ ಹೋಗುತ್ತಾನೆ. ಬಲೆಯ ಕೆಳಗಂಚು ಮುಳುಗಲೆಂದು ಉಳಿದವರು ಪೇಟೆಯಿಂದ ಸೀಸದ ಗುಂಡು ತರುತ್ತಾರೆ. ಇವನು ದಂಡೆಯ ಜೇಡಿಮಣ್ಣನ್ನು ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ನಡುವೆ ಕಡ್ಡಿಯೊಂದನ್ನು ಚುಚ್ಚಿ, ಇಟ್ಟಂಗಿ ಭಟ್ಟಿಯ ಮೂಲೆಯಲ್ಲಿ ಸುಡಿಸುತ್ತಾನೆ. ಕಡ್ಡಿ ಉರಿದುಹೋಗಿ, ದಾರ ಪೋಣಿಸುವಷ್ಟು ತೂತು ಉಳಿಯುತ್ತದೆ. ಬಲೆ ಹೆಣೆಯುವ ಸೂಜಿಯನ್ನು ಬಿದಿರಿನಿಂದ ತಾನೇ ಕೆತ್ತಿಕೊಂಡಿದ್ದಾನೆ. ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಯಲ್ಲಿ ಬರಲೆಂದು ಮಗಳು ಶಾಲೆಗೆ ಒಯ್ಯುತ್ತಿದ್ದ ಮುರಿದ ಅಳತೆಪಟ್ಟಿಯನ್ನು ಬಳಸುತ್ತಾನೆ.

ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರು ನಿಂತದ್ದು ಬೆಂಡಿನಿಂದ. ಬಲೆಯ ಮೇಲಂಚನ್ನು ನೀರಿನ ಮೇಲೆ ಎತ್ತಿ ಹಿಡಿಯುವ ಆ ಸಣ್ಣ ತೇಲುತುಂಡುಗಳನ್ನು ಅವನು ಜನರು ಬಿಸಾಡಿದ ಹವಾಯಿ ಚಪ್ಪಲಿಗಳಿಂದ ಮಾಡುತ್ತಿದ್ದನು. ಹುಡಗಿ ಎಂಬ ಊರಿನಿಂದ ಮಂಠಾಳದವರೆಗೆ ಎಲ್ಲಿ ಸವೆದ ಚಪ್ಪಲಿ ಕಂಡರೂ ಆರಿಸಿ ಗೊಬ್ಬರದ ಚೀಲಕ್ಕೆ ಹಾಕಿಕೊಳ್ಳುವನು. ಮೊದಲು ಪಟ್ಟಿಯನ್ನು ಕಿತ್ತು, ಅಟ್ಟೆಯನ್ನು ತೊಳೆದು ಒಣಗಿಸಿ, ಒಂದೊಂದರಿಂದ ಏಳೇಳು ತುಂಡು ಕೊಯ್ದು, ಕಾಯಿಸಿದ ಮೊಳೆಯಿಂದ ತೂತು ಹಾಕುವನು. ಕಡೆಗೆ ಬಾಗಿದ ಚಾಕುವಿನಿಂದ, ಹೆಜ್ಜೆ ಕುಳಿತು ತಗ್ಗುಬಿದ್ದ ಮೇಲ್ಮೈಯನ್ನು ಕೆತ್ತಿ, ಅಂಚುಗಳನ್ನು ದುಂಡಾಗಿಸಿ, ಹೆಬ್ಬೆರಳಿನಿಂದ ಸವರಿ ನೋಡುವನು. ಇಷ್ಟು ನಾಜೂಕು ಏಕೆಂದು ಕೇಳಿದವರಿಗೆ ಅವನ ಉತ್ತರ ಒಂದೇ:

"ಒರಟ ಬೆಂಡು ಬಲೀನ ಹಿಡೀತದ, ನುಣ್ಣಂದು ಮೀನ ಹಿಡೀತದ."

ಹುಮನಾಬಾದಿನ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ದುಕಾನು ಇಟ್ಟಿರುವ ಮಹೆಬೂಬನು ಅವನ ಹಳೆಯ ಗೆಳೆಯ. ಟ್ಯೂಬು ಬೇಡಿ ಹೋದಾಗಲೆಲ್ಲ ಇಬ್ಬರಿಗೂ ಮಾತಿನ ಚಕಮಕಿ ನಡೆಯುತ್ತಿತ್ತು.

"ಲಾಲಪ್ಪ ಭಾಯಿ, ಈಗ ಬರೋ ಗಾಡಿಗೋಳಿಗೆ ಟ್ಯೂಬೇ ಇರಂಗಿಲ್ಲ. ಬರೀ ಟೈರು. ಮುಂದ ಹ್ಯಾಂಗ ಮಾಡ್ತಿ?"

"ಟೈರ್‍ನ್ಯಾಗ ಕುಂತು ಹೋಗ್ತೀನಿ."

"ಮುಳುಗ್ತಿ."

"ಮುಳುಗಿದ್ರ ನಿನ್ನ ಹೆಸರು ಹೇಳಿ ಮುಳುಗ್ತೀನಿ, ಬಿಡು. ಆ ಮೂಲ್ಯಾಗ ಬಿದ್ದ ಚಪ್ಪಲಿ ಯಾರವು?"

"ನನ್ನವು! ಬಿಟ್ಟು ಒಳಗ ಬಂದೀನಿ! ಯಾ ಅಲ್ಲಾ, ಈ ಮನಶಾನ ಮುಂದ ಕಾಲನ ಚಪ್ಪಲಿ ಸುದ್ದಾ ಬಿಡಬಾರದು!"

ಲಾಲಪ್ಪನಿಗೂ ಅವನ ಹೆಂಡತಿ ಶೇವಂತಾಬಾಯಿಗೂ ಒಬ್ಬಳೇ ಮಗಳು, ರತ್ನಮಾಲಾ. ಬಸವಕಲ್ಯಾಣದ ಕಾಲೇಜಿನಲ್ಲಿ ಪದವಿಯ ಎರಡನೆಯ ವರ್ಷ ಓದುತ್ತಿದ್ದಳು. ರಜೆಯ ದಿನಗಳಲ್ಲಿ ತಂದೆಯ ಎದುರು ಕುಳಿತು ಬಲೆ ಹೆಣೆಯುವಳು. ಬಲೆಯ ಗಂಟಿಗೆ ಎಲ್ಲರೂ ಹಾಕುವ ಸುತ್ತಿನ ಮೇಲೆ ಇನ್ನೊಂದು ಸುತ್ತು ಕೊಟ್ಟು ಬಿಗಿದರೆ ಅದು ಜಾರದೆಂಬುದು ಲಾಲಪ್ಪನ ಉಪಾಯ. ಅದನ್ನು ಮಗಳಿಗೆ ಕಲಿಸಿದಂತೆಯೇ ಜಲಾಶಯದ ಅರ್ಧ ಜನಕ್ಕೂ ಅವನು ಕಲಿಸಿಬಿಟ್ಟಿದ್ದನು.

ರೂಪದಲ್ಲಿ ತಾಯಿಯನ್ನು ಹೋಲುತ್ತಿದ್ದ ಆ ಹುಡುಗಿಗೆ ಪಾದ ಮಾತ್ರ ತಂದೆಯದೇ: ಹೆಬ್ಬೆರಳಿಗಿಂತ ಉದ್ದನೆಯ ಎರಡನೆಯ ಬೆರಳು, ಉಳಿದವುಗಳಿಂದ ಮುನಿಸಿಕೊಂಡು ದೂರ ನಿಂತ ಕಿರುಬೆರಳು.

"ಮಾರಿ ನಂದು ತಗೊಂಡಿ, ಕಾಲ ಮಾತ್ರ ನಿಮ್ಮಪ್ಪನ್ವು ತಗೊಂಡಿ. ಯಾವ ಚಪ್ಪಲಿ ಆಗ್ತಾವ ಈ ಕಾಲಿಗೆ?" ಎಂದು ಶೇವಂತಾಬಾಯಿ ಛೇಡಿಸುವಳು.

"ಆಗದಿದ್ರ ಅಪ್ಪ ಬೆಂಡ ಮಾಡ್ತಾನ ಬಿಡವ್ವಾ. ನಮ್ಮನ್ಯಾಗ ಚಪ್ಪಲಿಗಿ ಎರಡ ಜನ್ಮ."

ಅವಳ ಚಪ್ಪಲಿಗಳು ಬದನೆಕಾಯಿಯ ಬಣ್ಣದವು. ಅಟ್ಟೆಯ ದಪ್ಪದ ನಡುವೆ ಸುತ್ತಲೂ ಒಂದು ಬಿಳಿಯ ಗೆರೆ. ಒಂದು ಮಧ್ಯಾಹ್ನ ಬಸ್ಸು ಹತ್ತುವಾಗ ಎಡಗಾಲಿನದರ ಪಟ್ಟಿ ಹರಿಯಿತು. ಚೀಲದಲ್ಲಿದ್ದ ಬಲೆಯ ದಾರದ ತುಣುಕಿನಿಂದ ಅದನ್ನು ಕಟ್ಟಿಕೊಂಡು ಮನೆಗೆ ಬಂದವಳು ಹೊಸ್ತಿಲಲ್ಲೇ ಕೂಗಿದಳು:

"ಅಪ್ಪಾ, ನಿನ್ನ ಗಂಟು ಬಸವಕಲ್ಯಾಣ ನೋಡಿ ಬಂತು!"

ಬಲೆಯ ಮೇಲೆ ಬಾಗಿದ್ದ ಲಾಲಪ್ಪ ನಕ್ಕನು. ತಲೆಯೆತ್ತಿ ಅವಳ ಕಾಲಿನ ಕಡೆಗೆ ನೋಡಲಿಲ್ಲ. ಆ ನಗೆಯಲ್ಲಿ ಕಣ್ಣು ಕೂಡಲಿಲ್ಲವೆಂಬುದನ್ನು ಅವನು ಮುಂದೆ ಎಷ್ಟು ಸಲ ನೆನೆದನೋ ಅವನೇ ಬಲ್ಲನು.

ಕಳೆದ ಭಾದ್ರಪದದಲ್ಲಿ ಅವಳಿಗೆ ಜ್ವರ ಬಂದಿತು. ಮೂರನೆಯ ದಿನ ನಿಲ್ಲಲಾಗದಿದ್ದವಳನ್ನು ಎತ್ತಿಕೊಂಡು ಹೋಗಿ ಆಟೋದಲ್ಲಿ ಮಲಗಿಸಿ ಹುಮನಾಬಾದಿಗೆ ಒಯ್ದರು. ಎತ್ತಿಕೊಂಡು ಹೋದುದರಿಂದ ಚಪ್ಪಲಿಗಳು ಹೊಸ್ತಿಲ ಬಳಿಯೇ ಉಳಿದವು. ಐದನೆಯ ದಿನ ರತ್ನಮಾಲಾ ತೀರಿಕೊಂಡಳು. ಅವಳಿಗೆ ಹತ್ತೊಂಬತ್ತು ತುಂಬಿ ಎರಡು ತಿಂಗಳಾಗಿತ್ತು.

ಹೋದವರ ಬಟ್ಟೆ, ಹಾಸಿಗೆ, ಚಪ್ಪಲಿಗಳನ್ನು ಮೂರನೆಯ ದಿನ ಊರಿನ ಹೊರಗೆ ಒಯ್ದು ಬಿಡುವ ರೂಢಿ ಆ ಕಡೆ ಇದೆ. ಚಪ್ಪಲಿ ಮನೆಯಲ್ಲುಳಿದರೆ ಹೋದವರು ಅದನ್ನು ಮೆಟ್ಟಿ ತಿರುಗಿ ನಡೆದು ಬರುತ್ತಾರೆಂದು ಹಿರಿಯರ ಮಾತು. ಬುದ್ಧನ ಚಿತ್ರದ ಮುಂದೆ ದೀಪ ಹಚ್ಚುವ ಆ ಮನೆಯಲ್ಲಿ ಇಂಥ ಮಾತುಗಳಿಗೆ ನೆಲೆಯಿರಲಿಲ್ಲ. ಆದರೂ ಓಣಿಯ ಮುದುಕಿಯರು ಬಂದು ಅವಳ ಬಟ್ಟೆಗಳನ್ನು ಗಂಟು ಕಟ್ಟಿದಾಗ ಶೇವಂತಾಬಾಯಿ ಒಂದು ಕೆಲಸ ಮಾಡಿದಳು. ಮಗಳು ನಡೆದು ಬರುವುದಾದರೆ ಬರಲಿ ಎಂದುಕೊಂಡಳು. ಚಪ್ಪಲಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಯಾರೂ ಹುಡುಕಲಾರದ ಎಡೆಯಲ್ಲಿ ಇಟ್ಟಳು. ನೂರು ಚಪ್ಪಲಿಗಳ ನಡುವೆ ಎರಡು ಚಪ್ಪಲಿ ಯಾರ ಕಣ್ಣಿಗೂ ಬೀಳವು. ಗಂಡನ ಗೊಬ್ಬರದ ಚೀಲದ ತಳಕ್ಕೆ ಅವನ್ನು ತಳ್ಳಿದಳು.

ಅಂದಿನಿಂದ ಲಾಲಪ್ಪ ನೀರಿಗೆ ಹೋದ ಹೊತ್ತಿನಲ್ಲಿ ಅವಳು ಚೀಲವನ್ನು ಬಿಚ್ಚಿ, ಆ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳುಗಳು ಒತ್ತಿ ಒತ್ತಿ ತಗ್ಗಾಗಿದ್ದ ಆ ಐದು ಗುಳಿಗಳಲ್ಲಿ ತನ್ನ ಐದು ಬೆರಳುಗಳನ್ನಿಟ್ಟು ಕುಳಿತಿರುತ್ತಿದ್ದಳು. ಗಂಡನಿಗೆ ಹೇಳಲಿಲ್ಲ. ಅವನ ದುಃಖ ಹಸಿಯಾಗಿದೆ, ಕಂಡರೆ ಕೆದರೀತೆಂದು ಸುಮ್ಮನಿದ್ದಳು. ಅವನೂ ಹೆಂಡತಿಯ ಮುಂದೆ ಮಗಳ ಹೆಸರೆತ್ತದೆ, ಅದೇ ಭಯದಿಂದ, ತಲೆತಗ್ಗಿಸಿ ಕೆಲಸದೊಳಗೆ ಹುದುಗಿಕೊಂಡಿದ್ದನು.

ಆ ವರ್ಷ ಜಲಾಶಯದಲ್ಲಿ ಮೀನುಮರಿ ಹೇರಳವಾಗಿ ಬಿಟ್ಟಿದ್ದರು. ಮಂಠಾಳದ ಚಂದಮ್ಮನಿಗೊಂದು, ಹುಡಗಿ ಊರಿನ ಪ್ರೇಮಕುಮಾರನಿಗೊಂದು, ತನಗೊಂದು, ಹೀಗೆ ಮೂರು ಬಲೆಗಳನ್ನು ಲಾಲಪ್ಪ ಒಮ್ಮೆಗೇ ಮುಗಿಸಬೇಕಾಯಿತು. ಶೇವಂತಾಬಾಯಿ ಕೊಡಂಬಲದ ತವರಿಗೆ ಹೋಗಿದ್ದಳು. ಅಲ್ಲಿ ತಮ್ಮನ ಮನೆಯಲ್ಲಿ ಮದುವೆ. ಲಾಲಪ್ಪ ಎಂದಿನಂತೆ ಚೀಲವನ್ನು ಅಂಗಳದಲ್ಲಿ ಸುರುವಿ ಚಪ್ಪಲಿಗಳ ಪಟ್ಟಿ ಕೀಳತೊಡಗಿದನು. ಮಣ್ಣು ಮೆತ್ತಿದ ನೂರು ಜೊತೆಗಳ ರಾಶಿಯಲ್ಲಿ ಬದನೆಬಣ್ಣದ ಒಂದು ಚಪ್ಪಲಿಯ ಪಟ್ಟಿ ತೂತಿನಿಂದ ಹೊರಬರಲಿಲ್ಲ. ಕೆಳಗಡೆ ಗಂಟೊಂದು ತಡೆದಿತ್ತು. ಅವನು ಅದನ್ನು ತಿರುಗಿಸಿ ನೋಡಿದನು. ತಾನು ಕಲಿಸಿದ ಗಂಟು, ಒಂದು ಸುತ್ತು ಹೆಚ್ಚಿನದು. 'ನಮ್ಮ ಮಂದ್ಯಾಗ ಯಾರೋ ಚೊಲೋ ಕಟ್ಯಾರ' ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಚಾಕುವಿನಿಂದ ಅದನ್ನು ಕೊಯ್ದನು. ಅದನ್ನು ಬಲ್ಲವರು ಮೂವತ್ತು ಜನರಿದ್ದರು. ಮೂವತ್ತೊಂದನೆಯವಳು ಅವನ ನೆನಪಿಗೆ ಬರಲಿಲ್ಲ. ಅವಳ ಚಪ್ಪಲಿಗಳು ಬಟ್ಟೆಗಳೊಡನೆ ಊರ ಹೊರಗೆ ಹೋದುವೆಂದೇ ಅವನು ತಿಳಿದಿದ್ದನು.

ಬಲೆಗಳು ನೀರಿಗಿಳಿದು ಕೆಲವು ದಿನಗಳಾದ ಮೇಲೆ, ಪುಷ್ಯಮಾಸದ ಒಂದು ಬೆಳಿಗ್ಗೆ ತವರಿನಿಂದ ಮರಳಿದ ಶೇವಂತಾಬಾಯಿ ಚೀಲವು ಗೂಟಕ್ಕೆ ಬರಿದಾಗಿ ತೂಗುತ್ತಿದ್ದುದನ್ನು ಕಂಡಳು.

"ಇದರಾಗಿನವು ಎಲ್ಲಿ ಹೋದ್ವು?"

"ಬೆಂಡ ಮಾಡ್ದೆ. ಮೂರು ಬಲಿಗಿ ಬೇಕಾಗಿದ್ವು. ಯಾಕ?"

"ಎಲ್ಲಾ ಮಾಡಿದ್ರ್ಯಾ?"

"ಎಲ್ಲಾ. ಯಾಕ ಹಂಗ ನಿಂತಿ? ಕುಂಡ್ರು. ನೀರ ತರಲ್ಯಾ?"

ಅವಳು ಕುಳಿತಳು. ನೆಲವನ್ನು ನೋಡುತ್ತ ನುಡಿದಳು:

"ಬದನಿಕಾಯಿ ಬಣ್ಣದ್ವು ಇದ್ವು. ಎಡಗಾಲಿಂದಕ ಗಂಟ ಹಾಕಿತ್ತು."

ಬಸವಕಲ್ಯಾಣವನ್ನು ನೋಡಿಬಂದ ಗಂಟು ಯಾವುದೆಂದು ಅವನಿಗೆ ಆಗ ತಿಳಿಯಿತು.

"ತಂದು ಕೊಡ್ತೀನಿ," ಎಂದನು. "ಬೆಂಡ ಎಲ್ಲಿಗಿ ಹೋಗ್ತಾವ? ಮುಳುಗಂಗಿಲ್ಲ. ಒಂದೊಂದು ಹುಡುಕಿ ತಂದು ಕೊಡ್ತೀನಿ."

"ಬೆರಳಿನ ಗುರುತ ಇದ್ವು ಅದರಾಗ," ಎಂದಳು ಅವಳು. "ಅವು ಸಿಕ್ರ ಸಾಕು."

ಒಂದು ಜೊತೆಗೆ ಹದಿನಾಲ್ಕು ಬೆಂಡು. ಮೊದಲು ತನ್ನ ಬಲೆಯನ್ನೇ ನೀರಿನಿಂದ ಎಳೆದು ದಂಡೆಯ ಮೇಲೆ ಹರವಿ, ಬಿಳಿಯ ಗೆರೆಯುಳ್ಳ ಐದು ಬೆಂಡುಗಳನ್ನು ಅವನು ಗುರುತಿಸಿದನು. ದಾರ ಬಿಡಿಸಿ ಮೊದಲನೆಯದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಭ್ಯಾಸದಂತೆ ಹೆಬ್ಬೆರಳಿನಿಂದ ಸವರಿದನು. ನುಣ್ಣಗಿತ್ತು. ಹೆಜ್ಜೆಯ ತಗ್ಗಿದ್ದ ಮೇಲ್ಮೈಯನ್ನು ತಾನೇ ಕೆತ್ತಿ ತೆಗೆದಿದ್ದನಲ್ಲವೆ? ಒಂದನ್ನು ಕೆತ್ತಿದವನು ಹದಿನಾಲ್ಕನ್ನೂ ಕೆತ್ತಿದ್ದಾನೆ. ಅವಳು ಬೇಡಿದ ಆ ಐದು ಗುಳಿಗಳು ಜಗತ್ತಿನಲ್ಲಿ ಎಲ್ಲಿಯೂ ಉಳಿದಿಲ್ಲವೆಂಬುದನ್ನು ಲಾಲಪ್ಪ ಆ ಕ್ಷಣದಲ್ಲೇ ಅರಿತನು. ಅರಿತೂ, ಉಳಿದ ಒಂಬತ್ತನ್ನು ಹುಡುಕಲು ಎದ್ದು ನಡೆದನು.

ಚಂದಮ್ಮನು ದಂಡೆಯಲ್ಲಿ ಮೀನಿನ ಹುರುಪೆ ತೆಗೆಯುತ್ತ ಕುಳಿತಿದ್ದಳು. ಮಾತಿನಲ್ಲಿ ಚಾಕುವಿಗಿಂತ ಹರಿತವಾದವಳು.

"ಏನ್ ಕಾಕಾ, ಕೊಟ್ಟ ಬೆಂಡ ವಾಪಸ್ ಕೇಳಾಕ ಬಂದೀರಿ? ಛಲೋ ಆತು! ಮದುವಿ ಮಾಡಿಕೊಟ್ಟ ಮಗಳನ್ನ ತಿರುಗಿ ಮನಿಗಿ ಕರಕೊಂಡು ಹೋದಂಗಾತಲ್ಲರಿ!"

ಲಾಲಪ್ಪ ಬಗ್ಗಿ ಅವಳ ಬಲೆಯಲ್ಲಿನ ಬದನೆಬಣ್ಣದ ಬೆಂಡೊಂದನ್ನು ಮುಟ್ಟಿದನು. ಅವನ ಮುಖ ನೋಡಿದ ಚಂದಮ್ಮನ ನಗೆ ಬಾಯಲ್ಲೇ ಉಳಿಯಿತು.

"ಯಾರ್‍ವು ಕಾಕಾ ಅವು?"

"ನಮ್ಮ ರತ್ನಾನ್ವು."

ಅವಳು ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಬಲೆಯನ್ನು ಮೊಣಕಾಲ ಮೇಲೆ ಎಳೆದುಕೊಂಡು, ತಾನೇ ಆರು ಬೆಂಡುಗಳನ್ನು ಬಿಡಿಸಿ ಎಲೆಯ ಮೇಲೆ ಇಟ್ಟು ಎರಡು ಕೈಗಳಿಂದ ಕೊಟ್ಟಳು. "ನನ್ನ ಬಾಯಿಗೆ ಬೆಂಕಿ ಬೀಳ್ಲಿ, ಕಾಕಾ," ಎಂದು ಅವನ ಬೆನ್ನಿಗೆ ನುಡಿದುದು ಅವನಿಗೆ ಕೇಳಿಸಿತೋ ಇಲ್ಲವೋ.

ಉಳಿದ ಮೂರು ಪ್ರೇಮಕುಮಾರನ ಬಲೆಯಲ್ಲಿದ್ದವು. ಆ ಯುವಕನು ತಲೆ ಕೆರೆದುಕೊಂಡನು.

"ಆ ಬಲಿ ಹೋತು, ಮಾಮಾ. ನಡು ನೀರಾಗ ಮುಳುಗಿದ ಜಾಲಿಮರ ಅದಲ್ಲ, ಅದಕ ಸಿಗ್ಹಾಕ್ಕೊಂತು. ಜಗ್ಗಿ ಜಗ್ಗಿ ಸಾಕಾಗಿ ಕೊಯ್ದು ಬಿಟ್ಟು ಬಂದೆ. ನಿನ್ನ ಗಂಟು ಒಂದೂ ಬಿಚ್ಚಲಿಲ್ಲ ನೋಡು. ಬಿಚ್ಚಿದ್ರ ಅರ್ಧ ಬಲಿಯಾದ್ರೂ ಕೈಗಿ ಬರ್ತಿತ್ತು."

ಅಂದು ಸಂಜೆಯ ಬೆಳಕಿನಲ್ಲಿ ಶೇವಂತಾಬಾಯಿ ಹನ್ನೊಂದು ತುಂಡುಗಳನ್ನು ಚಾಪೆಯ ಮೇಲೆ ಹೊಂದಿಸಿದಳು. ಎರಡು ಹಿಮ್ಮಡಿಗಳಾದವು, ನಡುವಿನ ಬಾಗು ಆಯಿತು, ಬಲಗಾಲಿನ ಮುಂಭಾಗದ ಒಂದು ಮಗ್ಗುಲೂ ಕೂಡಿತು. ಬೆರಳುಗಳಿರುವ ಎಡೆಯಲ್ಲಿ ಚಾಪೆ ಕಾಣುತ್ತಿತ್ತು.

"ಮ್ಯಾಲ ಕೆತ್ತೀರಲ್ಲ," ಎಂದಳು, ಒಂದು ತುಂಡನ್ನು ಸವರುತ್ತ.

ಬದುಕಿನಲ್ಲಿ ಹುಸಿಯಾಡದ ಲಾಲಪ್ಪ ಆಗ ಹುಸಿಯಾಡಿದನು.

"ಇವಿಷ್ಟ ಕೆತ್ತೀನಿ. ಬೆರಳಿನ ಕಡಿಂದು ಮೂರು ಕೆತ್ತಿಲ್ಲ. ಹಂಗೇ ಕಟ್ಟೀನಿ. ಬ್ಯಾಸಗ್ಯಾಗ ನೀರ ಇಳೀತದ, ಮರ ಕಾಣ್ತದ. ಹೋಗಿ ತರ್ತೀನಿ."

ಅವಳು ತಲೆಯಾಡಿಸಿದಳು.

ಆಮೇಲಿನ ನಾಲ್ಕು ತಿಂಗಳು ಅವನು ಪ್ರತಿದಿನ ದಂಡೆಗೆ ಹೋಗಿ ಒಂದು ಕೋಲು ನೆಟ್ಟು ನೀರು ಎಷ್ಟು ಇಳಿಯಿತೆಂದು ನೋಡಿ ಬರುತ್ತಿದ್ದನು. "ಇವತ್ತ ಒಂದು ಗೇಣು ಇಳದದ" ಎಂದು ಹೆಂಡತಿಗೆ ಹೇಳುವನು. ಅವಳು ರೊಟ್ಟಿ ಬಡಿಯುತ್ತ "ಹೌದ್ರಿ?" ಎನ್ನುವಳು. ಮಗಳು ಹೋದ ಮೇಲೆ ಗಂಡಹೆಂಡಿರ ನಡುವೆ ಮಾತು ನಡೆದದ್ದು ಅದೊಂದೇ ವಿಷಯದಲ್ಲಿ. ಹುಮನಾಬಾದಿನಿಂದ ಒಮ್ಮೆ ಬಂದ ಮಹೆಬೂಬನು ವಿಷಯ ತಿಳಿದು, ಹೊಸ ಟ್ಯೂಬು ತಂದು ಕೊಡುತ್ತೇನೆ, ಈಗಲೇ ಹೋಗಿ ಮರದಿಂದ ಬಿಡಿಸೋಣವೆಂದನು. ಲಾಲಪ್ಪ ಬೇಡವೆಂದನು. ಅವನು ನೀರಿಗೆ ಅಂಜಿದವನಲ್ಲ. ಆ ಬಲೆ ಸಿಗುವ ದಿನ ದೂರವಿದ್ದಷ್ಟು ಹೆಂಡತಿಯ ಆಸೆಗೆ ಆಯುಷ್ಯ ಹೆಚ್ಚೆಂದು ಬಗೆದಿದ್ದನು.

ವೈಶಾಖದಲ್ಲಿ ಮರದ ತುದಿ ಕಂಡಿತು. ಇನ್ನೂ ಹದಿನೈದು ದಿನಗಳಲ್ಲಿ ನೀರು ಅದರ ಬುಡವನ್ನು ಬಿಟ್ಟು ಹಿಂದೆ ಸರಿಯಿತು. ಬೆಳಗಿನ ತಂಪಿನಲ್ಲಿ ಇಬ್ಬರೂ ಬರಿಗಾಲಲ್ಲಿ ಜಲಾಶಯದ ತಳಕ್ಕೆ ಇಳಿದರು. ಮೊದಲು ಬಿರಿದ ಒಣಮಣ್ಣು, ಆಮೇಲೆ ಕಾಲು ಕಚ್ಚುವ ಕರಿಯ ಹಸಿಮಣ್ಣು. ಜಾಲಿಮರದ ಕೊಂಬೆಗಳಿಗೆ ಬಲೆ ಹರಡಿ ಒಣಗಿತ್ತು. ಅದರ ಕಣ್ಣುಗಳಲ್ಲಿ ಮೀನಿನ ಬಿಳಿಯ ಮುಳ್ಳುಗಳು ಸಿಲುಕಿಕೊಂಡಿದ್ದವು. ಮೇಲಂಚಿನ ಬೆಂಡುಗಳ ಸಾಲಿನಲ್ಲಿ, ಪಾಚಿ ಒಣಗಿ ಹಸಿರಾಗಿದ್ದರೂ ಬಿಳಿಯ ಗೆರೆಯಿಂದ ಗುರುತು ಸಿಗುವ ಆ ಮೂರು ಬೆಂಡುಗಳು ಅಲುಗಾಡದೆ ಕುಳಿತಿದ್ದವು.

ಲಾಲಪ್ಪ ಅವನ್ನು ಬಿಡಿಸಲು ಕೈಯೆತ್ತಿದನು. ತಾನೇ ಬಿಗಿದ ಗಂಟು ತನಗೇ ಬಿಚ್ಚದಾಯಿತು. ಕೊಯ್ದು ತೆಗೆದು, ಪಾಚಿಯನ್ನು ಧೋತರದ ತುದಿಯಿಂದ ಒರೆಸಿ, ಹೆಂಡತಿಯ ಕೈಗೆ ಕೊಡಲಾರದೆ ಮುಷ್ಟಿಯಲ್ಲೇ ಹಿಡಿದು ನಿಂತನು.

"ಕೊಡ್ರಿ," ಎಂದಳು ಶೇವಂತಾಬಾಯಿ.

"ನೋಡು... ನೀರಾಗ ಇದ್ದು ಇದ್ದು ಸವದಾವ ಕಾಣ್ತದ..."

"ಕೊಡ್ರಿ."

ಅವಳು ಮೂರನ್ನೂ ಒಂದೊಂದಾಗಿ ಸವರಿದಳು. ಮೂರೂ ನುಣ್ಣಗಿದ್ದವು.

"ನಾ ಸುಳ್ಳ ಹೇಳಿದ್ದೆ," ಎಂದನು ಲಾಲಪ್ಪ. "ಎಲ್ಲಾ ಕೆತ್ತಿದ್ದೆ. ಮೊದಲ ದಿನಾನೇ ಗೊತ್ತಿತ್ತು ನನಗ."

"ನನಗೂ ಗೊತ್ತಿತ್ತು. ನೀವು ಎಂದಾದ್ರೂ ಒರಟು ಬಿಟ್ಟೀರೇನು?"

"ಮತ್ತ ಯಾಕ ಸುಮ್ಮಿದ್ದಿ ಇಷ್ಟು ದಿನ?"

"ನೀವು ದಿನಾ ಕೋಲ ನೋಡಿ ಬರ್ತಿದ್ರಿ. ಅಷ್ಟರ ಮಟ್ಟಿಗಾದ್ರೂ ನಿಮಗ ಹೋಗಾಕ ಒಂದು ಜಾಗ ಇರ್ಲಿ ಅಂತ."

ಲಾಲಪ್ಪ ಮರದ ಬೊಡ್ಡೆಯನ್ನು ಹಿಡಿದು, ಮಗಳು ಹೋದಂದಿನಿಂದ ತಡೆಹಿಡಿದುದೆಲ್ಲವನ್ನೂ ಹೊರಹಾಕಿ ಅತ್ತನು. ನಡುಬಯಲಿನಲ್ಲಿ ಆ ಅಳುವನ್ನು ಕೇಳಲು ಅವಳ ಹೊರತು ಯಾರೂ ಇರಲಿಲ್ಲ. ಶೇವಂತಾಬಾಯಿ ಅವನನ್ನು ಸಂತೈಸಲಿಲ್ಲ. ಅವಳ ದೃಷ್ಟಿ ನೆಲದಲ್ಲಿ ನೆಟ್ಟಿತ್ತು. ಅವನು ನಡೆದು ಬಂದ ಹಾದಿಯುದ್ದಕ್ಕೂ ಕರಿಯ ಮಣ್ಣಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದ್ದವು: ಹೆಬ್ಬೆರಳಿಗಿಂತ ಉದ್ದನೆಯ ಎರಡನೆಯ ಬೆರಳು, ಮುನಿಸಿಕೊಂಡು ದೂರ ನಿಂತ ಕಿರುಬೆರಳು. ಅವಳು ಮೆಲ್ಲಗೆ ಕುಳಿತು, ಅತ್ಯಂತ ಹತ್ತಿರದ ಹೆಜ್ಜೆಯಲ್ಲಿ, ಆ ಐದು ಗುಳಿಗಳಲ್ಲಿ, ತನ್ನ ಐದು ಬೆರಳುಗಳನ್ನಿಟ್ಟಳು. ಕೆಳಗಿನಿಂದ ನೀರು ಜಿನುಗಿ ಹೆಜ್ಜೆ ಮೆಲ್ಲಮೆಲ್ಲನೆ ತುಂಬಿಕೊಂಡಿತು. ಪೂರ್ತಿ ತುಂಬುವವರೆಗೂ ಅವಳು ಕೈ ತೆಗೆಯಲಿಲ್ಲ.

"ನಡೀರಿ," ಎಂದಳು ಆಮೇಲೆ, "ಬಿಸಲ ಏರಾಕತ್ತದ."

ಹದಿನಾಲ್ಕು ಬೆಂಡುಗಳೂ ಈಗ ಒಂದು ದಾರದಲ್ಲಿ ಪೋಣಿಸಿಕೊಂಡು, ಬುದ್ಧನ ಚಿತ್ರದ ಕೆಳಗಿನ ಗೂಟದಲ್ಲಿ ತೂಗುತ್ತವೆ. ಅವನ್ನು ಕಟ್ಟಿದವಳು ಶೇವಂತಾಬಾಯಿ. ಗಂಟಿಗೆ ಒಂದು ಸುತ್ತು ಹೆಚ್ಚು ಕೊಟ್ಟಿದ್ದಾಳೆ. ಲಾಲಪ್ಪ ಚಪ್ಪಲಿ ಆರಿಸುವುದನ್ನು ಬಿಟ್ಟಿದ್ದಾನೆ. ಬಲೆ ಬೇಡಿ ಬಂದವರಿಗೆ ನೀರಿನ ಖಾಲಿ ಬಾಟಲಿಗಳ ಬಾಯನ್ನು ಬಿಗಿದು ಬೆಂಡಾಗಿ ಕಟ್ಟಿಕೊಡುತ್ತಾನೆ. ಅವು ಬಿಸಿಲಿಗೆ ಒಡೆಯುತ್ತವೆ, ಚಪ್ಪಲಿಯಷ್ಟು ಬಾಳವು ಎಂದು ಅವನಿಗೆ ಗೊತ್ತು. ಹೆಂಡತಿಯೊಡನೆ ಮಗಳ ಮಾತನ್ನು ಈಗ ಆಡುತ್ತಾನೆ. ಆಡುವಾಗ ತಲೆಯೆತ್ತಿ ಅವಳ ಮುಖವನ್ನು ನೋಡುತ್ತಾನೆ.

ಬಿಸುಟುದಕ್ಕೆ ಬಾಳು ಕೊಟ್ಟ ಆ ಕೈಗಳಿಗೆ ನೆಮ್ಮದಿ ಬರಲಿ. ತುಂಬಿದ ಹೆಜ್ಜೆಯಿಂದ ಎದ್ದುಬಂದ ಆ ತಾಯಿಯ ಬೆರಳುಗಳಿಗೆ ಹಿಡಿಯಲು ಗಂಡನ ಕೈ ಕಡೆಯವರೆಗೂ ದೊರೆಯಲಿ. ಬರಿಗಾಲಲ್ಲಿ ಹೋದ ಆ ಕೂಸಿಗೆ ಅಲ್ಲಿಯ ನೆಲ ಮೆತ್ತಗಿರಲಿ. ಕಾಯಕದಲ್ಲಿ ಮೇಲುಕೀಳೆಣಿಸದ ಶರಣರು ನಡೆದಾಡಿದ ಈ ನಾಡಿನ ಪುಣ್ಯವೂ, ಆ ಮನೆಯ ಗೋಡೆಯ ಮೇಲಿನ ಶಾಂತಮೂರ್ತಿಯ ಕರುಣೆಯೂ ಒಂದಾಗಿ, ಲಾಲಪ್ಪನನ್ನೂ ಶೇವಂತಾಬಾಯಿಯನ್ನೂ ಅವರ ಒಲೆಯನ್ನೂ ದೀಪವನ್ನೂ ನೀರಿನ ಮೇಲಿನ ಅವರ ಹಾದಿಯನ್ನೂ ಮುಳುಗಗೊಡದೆ ಕಾಯಲಿ.